ಎಡಗೈಯ ಎರಡು ಬೆರಳು

ಮೊದಲು ನನ್ನ ತಪ್ಪನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ ಎಂಬ ಭಯ. ಟಿವಿಯಲ್ಲಿ ಬರುವ ಕಬಡ್ಡಿ ಲೀಗಿನಲ್ಲಿ ಆರು ವರ್ಷ ಎಡಮೂಲೆ ಕಾದ ನಮ್ಮ ಅಣ್ಣನನ್ನು ಬೆಂಚಿನ ಮೇಲೆ ಕೂರಿಸಿದ್ದು ನಾನು. ಮಂಡಿನೋವಿಗೂ ವಯಸ್ಸಿಗೂ ಆಗದ ಕೆಲಸವನ್ನು ನಲವತ್ತು ಸೆಕೆಂಡಿನ ಒಂದು ವಿಡಿಯೋದಲ್ಲಿ ಮುಗಿಸಿದೆ. ಅದೂ ಸೊಲ್ಲಾಪುರದ ಒಂದು ಚಾದರ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಊಟದ ಬಿಡುವಿನಲ್ಲಿ, ಬಾಯಿಯಲ್ಲಿ ಭಜಿ ಇಟ್ಟುಕೊಂಡು.

ಅಣ್ಣ ಎಂದರೆ ನನ್ನ ದೊಡ್ಡಪ್ಪನ ಮಗ. ಅವರ ಮನೆ ಮೈಂದರ್ಗಿಯ ಹೊರಗೆ, ಹೊಲದಲ್ಲಿ. ಮನೆಯ ಮುಂದೆ ಕುರಿಹಟ್ಟಿ, ಹಟ್ಟಿಯ ಮುಂದೆ ಬೇವಿನ ಮರ, ಮರದ ಕೆಳಗೆ ದೊಡ್ಡವ್ವ. ದೊಡ್ಡವ್ವ ಇಲ್ಲದ ಆ ಬೇವಿನ ಮರವನ್ನು ನಾನು ಇದುವರೆಗೆ ನೋಡಿಲ್ಲ. ನನ್ನಪ್ಪ ಕುರಿ ಬಿಟ್ಟು ಸೊಲ್ಲಾಪುರಕ್ಕೆ ಬಂದು ಚಾದರ ಅಂಗಡಿ ಸೇರಿದ. ನಾನು ಕಾಲೇಜು ಬಿಟ್ಟು ಅದೇ ಅಂಗಡಿ ಸೇರಿದೆ. ನಮ್ಮ ಮನೆತನದಲ್ಲಿ ಬಿಡುವುದರಲ್ಲಿ ಮುಂದೆ ಇರುವವನು ನಾನು, ಹಿಡಿಯುವುದರಲ್ಲಿ ಅಣ್ಣ.

ನನಗೆ ಬರುವ ವಿದ್ಯೆ ಒಂದೇ, ಮಂದಿಯ ನಕಲಿ ಮಾಡುವುದು. ನಮ್ಮ ಸಾವಕಾರರು ಚಾದರ ಕೊಡವಿ ಬಿಡಿಸುವಾಗ ಗಿರಾಕಿಯನ್ನು ನೋಡುವುದೇ ಇಲ್ಲ, ಗಿರಾಕಿಯ ಹೆಂಡತಿಯನ್ನು ನೋಡಿ "ಘ್ಯಾ ಹೋ ವಹಿನಿ," ತಗೊಳ್ಳಿ ಅತ್ತಿಗೆ, ಎಂದು ಕತ್ತು ಓರೆ ಮಾಡುತ್ತಾರೆ. ನಾನು ಅದನ್ನು ಮಾಡಿ ತೋರಿಸಿದರೆ ಸಾವಕಾರರ ಮಗನೇ ಗಲ್ಲಾಪೆಟ್ಟಿಗೆಯ ಹಿಂದೆ ಬಗ್ಗಿ ನಗುತ್ತಾನೆ. ಹೋಟಗಿ ಸ್ಟೇಷನ್ನಿನ ಚಹಾದವನು, ನಮ್ಮ ಓಣಿಯ ನಗರಸೇವಕ, ನನ್ನ ಸ್ವಂತ ಅಪ್ಪ, ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ. ಅಂಗಡಿಗೆ ಹುಡುಗಿಯರು ಬಂದರೆ ನನ್ನ ದನಿ ಎರಡು ಮೆಟ್ಟಿಲು ಕೆಳಗಿಳಿಯುತ್ತದೆ, ಕೈ ಕೂದಲಿಗೆ ಹೋಗುತ್ತದೆ, ಡಬಲ್ ಚಾದರ ಕೇಳಿದರೆ ಟವೆಲ್ ತೆಗೆದುಕೊಡುತ್ತೇನೆ. ಇದನ್ನೂ ನಾನೇ ಮಾಡಿ ತೋರಿಸುತ್ತೇನೆ, ನನಗೆ ಹೆಚ್ಚು ಚಪ್ಪಾಳೆ ಬಿದ್ದಿರುವುದೂ ಇದಕ್ಕೇ. ಈ ವಿದ್ಯೆಯಲ್ಲಿ ಮುಖದ ಮೇಲೆ ಕಣ್ಣಿಟ್ಟರೆ ಏನೂ ಸಿಗುವುದಿಲ್ಲ. ಮನುಷ್ಯನಿಗೇ ಗೊತ್ತಾಗದಂತೆ ಅವನ ಮೈ ಏನೋ ಒಂದು ಮಾಡುತ್ತಿರುತ್ತದಲ್ಲ, ಅದನ್ನು ಹುಡುಕಬೇಕು.

ಎಡವಟ್ಟಾದದ್ದು ಅಲ್ಲೇ.

ನಮ್ಮವರು ಕುರಿ ಹಿಡಿಯುವ ಪದ್ಧತಿ ಹೀಗೆ. ಅಟ್ಟಿಸಿಕೊಂಡು ಹೋದರೆ ಇಡೀ ಹಿಂಡು ಬೆದರುತ್ತದೆ. ಆದ್ದರಿಂದ ಬೇಕಾದ ಕುರಿಯ ಕಡೆ ನೋಡಲೇಬಾರದು, ಪಕ್ಕದಲ್ಲಿ ಏನೋ ಕೆಲಸ ಇದ್ದವರ ಹಾಗೆ ಹೋಗಬೇಕು. ಎಡಗೈಯನ್ನು ಇಳಿಬಿಟ್ಟು ಹೆಬ್ಬೆರಳನ್ನೂ ತೋರುಬೆರಳನ್ನೂ ಮೆಲ್ಲಗೆ ತಿಕ್ಕಬೇಕು, ಬೆರಳ ನಡುವೆ ನಾಲ್ಕು ಕಾಳು ಗೋವಿನಜೋಳ ಇದ್ದ ಹಾಗೆ. ಕುರಿ ಆ ಬೆರಳ ಕಡೆ ಮೂತಿ ತಿರುಗಿಸುತ್ತಲೇ ಬಲಗೈ ಹಿಂಗಾಲಿಗೆ ಹೋಗಬೇಕು. ಕೈಯಲ್ಲಿ ಕಾಳು ಇರುವುದಿಲ್ಲ. ಆದರೂ ಕುರಿ ಪ್ರತಿ ಸಲ ನಂಬುತ್ತದೆ. ಅಣ್ಣ ಇದನ್ನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದ.

ಮೈಂದರ್ಗಿಯ ಸಾಲೆಯ ಮಣ್ಣಿನ ಅಂಗಳದಲ್ಲಿ ಅವನನ್ನು ಕಬಡ್ಡಿಗೆ ಕರೆದಾಗ ದೊಡ್ಡ ಹುಡುಗರು ಎಡಮೂಲೆಗೆ ತಳ್ಳಿದರಂತೆ. ಆ ಅಂಗಳದಲ್ಲಿ ಆಟ ಬಾರದವರನ್ನು ನಿಲ್ಲಿಸುವ ಜಾಗ ಅದು. ಅವನು ಅಲ್ಲಿಂದಲೇ ಒಬ್ಬೊಬ್ಬರ ಕಾಲು ಹಿಡಿದು ಕೆಡವಿದ. ಆಮೇಲೆ ಅಕ್ಕಲಕೋಟದಲ್ಲಿ ತಾಲೂಕು ತಂಡ, ಸೊಲ್ಲಾಪುರದಲ್ಲಿ ಜಿಲ್ಲಾ ತಂಡ. ಜಿಲ್ಲೆಯ ಕ್ಯಾಂಪಿಗೆ ಬಂದಾಗ ನಮ್ಮ ಮನೆಯಲ್ಲೇ ಉಳಿದಿದ್ದ. ಮೊದಲ ಸಲ ಬೂಟು ಹಾಕಿ ಮ್ಯಾಟಿನ ಮೇಲೆ ನಡೆದದ್ದನ್ನು ನೋಡಿದೆ. ಹೊಸದಾಗಿ ಲಾಳ ಹೊಡೆಸಿಕೊಂಡ ಎತ್ತು ಡಾಂಬರು ರಸ್ತೆಗೆ ಬಂದಂತಿತ್ತು. ಆ ನಡಿಗೆಯನ್ನು ನಾನು ಒಂದು ತಿಂಗಳು ಮನೆಯಲ್ಲಿ ನಡೆದೆ. ಅವನು ಒಂದು ತಿಂಗಳು ನನ್ನ ಬೆನ್ನಿಗೆ ಗುದ್ದಿದ.

ಕೊನೆಗೆ ಲೀಗು. ರೇಡರ್‌ಗಳಿಗೆ ಪೋಸ್ಟರು, ಕೇಶಾಲಂಕಾರ, ಜಾಹೀರಾತು. ಮೂಲೆ ಕಾಯುವವನ ಫೋಟೊದಲ್ಲಿ ಅರ್ಧ ಮುಖ ಯಾರದೋ ತೊಡೆಯ ಕೆಳಗಿರುತ್ತದೆ. ದೊಡ್ಡವ್ವ ಟಿವಿಯ ಮುಂದೆ ಕೂತು ಕೇಳುತ್ತಿದ್ದಳು: "ಎಲ್ಲಿ ಅದಾನೋ?"

"ಆ ಹಳದಿ ಚಡ್ಡಿಯವನ ತೊಡಿ ಕೆಳಗ ನೋಡು, ದೊಡ್ಡವ್ವಾ."

ಅವಳು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, "ಸೊರಗ್ಯಾನ. ಅಲ್ಲಿ ರೊಟ್ಟಿ ಕೊಡಂಗಿಲ್ಲ ಕಾಣ್ತದ," ಎನ್ನುತ್ತಿದ್ದಳು.

ಆರು ವರ್ಷದಲ್ಲಿ ಅವನ ಬಲ ಭುಜ ಒಂದಿಷ್ಟು ಕೆಳಗಿಳಿಯಿತು, ಕಿರುಬೆರಳು ಡೊಂಕಾಯಿತು, ಮೂವತ್ತು ತುಂಬಿತು. ಆದರೂ ತಂಡ ಅವನನ್ನು ಬಿಡಲಿಲ್ಲ. ಹಿಂಬದಿಯಲ್ಲಿ ಅವನಿದ್ದಾನೆ ಎಂದರೆ ಉಳಿದ ಆರು ಜನ ಧೈರ್ಯವಾಗಿ ನಿಲ್ಲುತ್ತಿದ್ದರು.

ಈಗ ಆ ಭಜಿಯ ದಿನಕ್ಕೆ ಬರುತ್ತೇನೆ. ಗೋದಾಮಿನಲ್ಲಿ ಚಾದರದ ಗಂಟಿನ ಮೇಲೆ ಕೂತು, ಅಣ್ಣನ ನಕಲಿ ಮಾಡೋಣ ಎಂದು ಅವನ ಹಳೆಯ ಪಂದ್ಯಗಳನ್ನು ಫೋನಿನಲ್ಲಿ ನೋಡುತ್ತಿದ್ದೆ. ಕ್ಯಾಮೆರಾ ಯಾವಾಗಲೂ ರೇಡರ್‌ನ ಹಿಂದೆ. ಅಣ್ಣ ಪರದೆಯ ಅಂಚಿನಲ್ಲಿ. ಬಲಗೈಯಿಂದ ಪಕ್ಕದವನ ಕೈ ಹಿಡಿದಿರುತ್ತಾನೆ, ಎಡಗೈ ಖಾಲಿ. ಆ ಖಾಲಿ ಕೈಯ ಎರಡು ಬೆರಳು ತಿಕ್ಕುತ್ತಿದ್ದವು. ತಿಕ್ಕಿದ ಮರುಕ್ಷಣ ಅವನು ರೇಡರ್‌ನ ಪಾದದ ಮೇಲೆ. ಹಿಂದಕ್ಕೆ ಹಾಕಿ ನೋಡಿದೆ. ಇನ್ನೊಂದು ಪಂದ್ಯ ಹಾಕಿ ನೋಡಿದೆ. ಪ್ರತಿ ಸಲ ಅದೇ. ನಮ್ಮ ಅಣ್ಣ ಆರು ವರ್ಷದಿಂದ ದೇಶದ ದೊಡ್ಡ ದೊಡ್ಡ ರೇಡರ್‌ಗಳಿಗೆ ಇಲ್ಲದ ಗೋವಿನಜೋಳ ತೋರಿಸುತ್ತಿದ್ದ! ಅವನಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ನಕ್ಕೂ ನಕ್ಕೂ ಭಜಿ ಗಂಟಲಿಗೆ ಸಿಕ್ಕಿತು. ಕೆಮ್ಮು ನಿಂತ ಮೇಲೆ ಫೋನನ್ನು ರ‍್ಯಾಕಿಗೆ ಒರಗಿಸಿಟ್ಟು ವಿಡಿಯೋ ಮಾಡಿದೆ. ಮೊದಲು, ನಮ್ಮ ಅಣ್ಣ ಕುರಿ ಹಿಡಿಯುವುದು: ಕುರಿಯಾಗಿ ಒಂದು ಚಾದರದ ಗಂಟು. ನಂತರ, ನಮ್ಮ ಅಣ್ಣ ರೇಡರ್ ಹಿಡಿಯುವುದು: ರೇಡರ್ ಆಗಿ ಅದೇ ಗಂಟು. ನಡುವೆ ಅವನ ನಿಜವಾದ ಪಂದ್ಯದ ತುಣುಕು. ಎಲ್ಲರಿಗೂ ತಿಳಿಯಲಿ ಎಂದು ಬೆರಳನ್ನು ದೊಡ್ಡದು ಮಾಡಿ ತೋರಿಸಿ ಮರಾಠಿಯಲ್ಲೂ ಕೂಗಿದ್ದೆ: "ಬೋಟಂ ಬಘಾ, ಬೋಟಂ!" ಬೆರಳು ನೋಡಿ, ಬೆರಳು! ಅಣ್ಣನ ವೈರಿಗಳು ಸಂಬಳ ಕೊಟ್ಟು ಇಟ್ಟುಕೊಂಡ ಗೂಢಚಾರನೂ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರ.

ಸಂಜೆಯೊಳಗೆ ಸೊಲ್ಲಾಪುರವೆಲ್ಲ ನಕ್ಕಿತು. ಅಣ್ಣನಿಗೂ ಕಳಿಸಿದೆ. ಎರಡು ನಗುವ ಮುಖ ಬಂದವು, ಅವನು ಅದನ್ನು ಪೂರ್ತಿ ನೋಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಮೂರನೇ ದಿನ ಬೇರೆ ತಂಡದ ಒಬ್ಬ ಹೆಸರಾಂತ ರೇಡರ್ ನನ್ನ ವಿಡಿಯೋದ ಕೆಳಗೆ ಬರೆದ: "ಥ್ಯಾಂಕ್ಯೂ ಭಾವ್." ನನ್ನ ಮೈ ಎರಡು ಇಂಚು ಉಬ್ಬಿತು. ಅಂಗಡಿಯ ಎಲ್ಲರಿಗೂ ತೋರಿಸಿದೆ. ಗಿರಾಕಿಗಳಿಗೆ ತೋರಿಸಿದೆ. ದೊಡ್ಡ ಆಟಗಾರ ನನಗೆ ಯಾಕೆ ಥ್ಯಾಂಕ್ಸ್ ಹೇಳುತ್ತಾನೆ ಎಂದು ಕೇಳುವಷ್ಟು ಬುದ್ಧಿ ನನಗೂ ಇರಲಿಲ್ಲ, ನನ್ನ ಗಿರಾಕಿಗಳಿಗೂ ಇರಲಿಲ್ಲ.

ಮುಂದಿನ ವಾರ ಆ ರೇಡರ್ ಅಣ್ಣನ ಎದುರು ಬಂದ. ಗದ್ದ ಮೇಲೆ, ಕಣ್ಣು ಕೆಳಗೆ. ಕಣ್ಣು ಎಲ್ಲಿದೆ ಎಂದು ನನಗೆ ಮಾತ್ರ ಗೊತ್ತಾಯಿತು. ಬೆರಳು ತಿಕ್ಕಿದವು, ಅವನು ಹಾರಿದ, ಅಣ್ಣ ಬರೀ ಮ್ಯಾಟನ್ನು ತಬ್ಬಿಕೊಂಡು ಬಿದ್ದ. ಮತ್ತೊಮ್ಮೆ. ಮತ್ತೂ ಒಮ್ಮೆ. ನಂತರದ ಪಂದ್ಯದಲ್ಲಿ ಬೇರೆ ರೇಡರ್, ಅದೇ ಕಥೆ. ಟಿವಿಯಲ್ಲಿ ಮಾತಾಡುವವರು ಅವನಿಗೆ ವಯಸ್ಸಾಯಿತು ಎಂದರು. ಮೂರು ಪಂದ್ಯ ಕಳೆದು ನಾಲ್ಕನೆಯದಕ್ಕೆ ಅಣ್ಣ ಬೆಂಚಿನ ತುದಿಯಲ್ಲಿ ಟವೆಲ್ ಹೊದ್ದು ಕೂತಿದ್ದ. ನಾನು ವಿಡಿಯೋ ಅಳಿಸಿದೆ. ಅಷ್ಟರಲ್ಲಿ ಯಾರೋ ಅದಕ್ಕೆ ಡೋಲು ತಾಸೆಯ ಬಡಿತ ಸೇರಿಸಿ ಹತ್ತು ಕಡೆ ಹಾಕಿಯಾಗಿತ್ತು.

ಹಂಗಾಮು ಮುಗಿದ ಮೇಲೆ ದೊಡ್ಡವ್ವನ ಫೋನು. "ನಿನ್ನ ಆಟಾ ನಿಮ್ಮಣ್ಣನ ಟೀಮಿನ ಮಂದೀನ ದೊಡ್ಡ ಪರದಿ ಮ್ಯಾಲ ಹಾಕಿ ನೋಡ್ಯಾರಂತ. ಕೋಚ್ ಸಾಹೇಬ್ರು ತೋರ್ಸಿ ತೋರ್ಸಿ ಹೇಳ್ಯಾರಂತ. ಭಾಳ ಶಾಣ್ಯಾ ಆದಿ ಬಿಡಪ್ಪಾ."

"ಅಣ್ಣ ಏನಂದ, ದೊಡ್ಡವ್ವಾ?"

"ಅವ ಏನಂತಾನ? ಹದಿನೈದ ದಿನಕ್ಕ ಅಕ್ಕಲಕೋಟದಾಗ ಮ್ಯಾಟಿನ ಮ್ಯಾಲ ಪಂದ್ಯ ಅದಾವಂತ. ಕೋಚ್ ಬಂದು ನೋಡ್ತಾರಂತ. ಚಲೋ ಆಡಿದ್ರ ಕ್ಯಾಂಪಿಗಿ ಕರೀತಾರ, ಇಲ್ಲಂದ್ರ ಇಲ್ಲೇ ಇರು ಅಂದಾರಂತ."

ಅಲ್ಲಿಂದ ನನ್ನ ಕುಂಡಿ ಒಂದು ಕಡೆ ನಿಲ್ಲಲಿಲ್ಲ. ಚಾದರವನ್ನು ತಿರುಗುಮುರುಗು ಮಡಿಸಿದೆ. ಬಿಲ್ಲಿನ ಮೇಲೆ ಗಿರಾಕಿಯ ಹೆಸರಿನ ಜಾಗದಲ್ಲಿ ನನ್ನದೇ ಹೆಸರು ಬರೆದೆ. ಚಹಾ ತರಲು ಹೋಗಿ ಚಹಾ ಬಿಟ್ಟು ಬಂದೆ. ಸಾವಕಾರರು ಕನ್ನಡಕದ ಮೇಲಿನಿಂದ ನೋಡಿ, "ಮುಂಗ್ಯಾ ಚಾವಲ್ಯಾ ಕಾ ರೇ ತುಲಾ?" ಎಂದರು. ಹೌದು, ಇರುವೆಗಳೇ ಕಚ್ಚುತ್ತಿದ್ದವು. ರಜೆ ಕೇಳಿದೆ. ನಾನಿಲ್ಲದಿದ್ದರೆ ಅಂಗಡಿಗೆ ಲಾಭ ಎನ್ನುವ ಮುಖದಲ್ಲಿ ಕೊಟ್ಟರು.

ಅಕ್ಕಲಕೋಟದ ಬಸ್ಸಿನಲ್ಲಿ ಕಿಟಕಿ ಸಿಕ್ಕರೂ ಕೂರಲಾಗಲಿಲ್ಲ. ಕ್ಷಮೆ ಕೇಳುವುದನ್ನು ಮನಸ್ಸಿನಲ್ಲೇ ಮೂರು ದನಿಯಲ್ಲಿ ಪ್ರಯತ್ನಿಸಿದೆ. ನನ್ನಪ್ಪನ ದನಿಯಲ್ಲಿ ಬೈಗುಳದ ಹಾಗೆ ಕೇಳಿಸಿತು. ನಗರಸೇವಕನ ದನಿಯಲ್ಲಿ ಆಶ್ವಾಸನೆಯ ಹಾಗೆ. ನನ್ನ ದನಿ ಹೇಗಿದೆ ಎಂದೇ ನೆನಪಾಗಲಿಲ್ಲ. ಅಕ್ಕಲಕೋಟದಲ್ಲಿ ದರ್ಶನಕ್ಕೆ ಬಂದ ಮಂದಿಯ ನಡುವೆ ನುಗ್ಗಿ ಮೈಂದರ್ಗಿಯ ಬಸ್ಸು ಹಿಡಿದೆ.

ಅಣ್ಣ ಬೇವಿನ ಮರದ ಕೆಳಗೆ ಹಟ್ಟಿಯ ಬಲೆ ಹೆಣೆಯುತ್ತಿದ್ದ. ದೊಡ್ಡಪ್ಪ ಅರ್ಧ ಹಿಂಡನ್ನು ಹೊಡೆದುಕೊಂಡು ಬೋರಾಮಣಿಯ ಹುಲ್ಲುಗಾವಲಿನ ಕಡೆ ಹೋಗಿದ್ದ. ನನ್ನನ್ನು ನೋಡಿ ಅಣ್ಣ ಎದ್ದೂ ಬರಲಿಲ್ಲ, ಬೈಯಲೂ ಇಲ್ಲ.

"ಬಂದಿ? ಚಡ್ಡಿ ತಂದೀಯೇನ?"

"ಯಾಕಣ್ಣಾ?"

"ರೇಡ್ ಮಾಡಾಕ. ಎಲ್ಲಾರ ನಕಲಿ ಬರ್ತದಲ್ಲ ನಿನಗ."

"ಅಣ್ಣಾ, ಆ ವಿಡಿಯೋ..."

"ಆಮ್ಯಾಲ."

ಅಷ್ಟೇ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಎರಡು ಕೊಟ್ಟಿದ್ದರೆ ತಿನ್ನುತ್ತಿದ್ದೆ. ಆ 'ಆಮ್ಯಾಲ' ಎಂಬ ಮಾತು ಅಂಗಿಯೊಳಗೆ ಹೊಕ್ಕ ಹುಲ್ಲಿನ ಮುಳ್ಳಿನಂತೆ ಹನ್ನೊಂದು ದಿನ ಚುಚ್ಚಿತು.

ಹಟ್ಟಿಯ ಹಿಂದೆ ಬೂದಿಯಿಂದ ಗೆರೆ ಎಳೆದೆವು. ಇತ್ತ ಅಣ್ಣ ಒಬ್ಬನೇ ಎಡಮೂಲೆಯಲ್ಲಿ, ಅತ್ತ ದೇಶದ ಸಮಸ್ತ ರೇಡರ್‌ಗಳ ಪರವಾಗಿ ನಾನು. ನನ್ನ ಮೈಕಟ್ಟನ್ನು ಹೇಳಬೇಕೆಂದರೆ, ಹ್ಯಾಂಗರಿಗೆ ಹಾಕಿದ ಅಂಗಿ ಗಾಳಿಗೆ ಎದ್ದು ಬಂದಂತೆ. ತೊಡೆ ತಟ್ಟಿಕೊಂಡು ಬರುವವನನ್ನು ಮಾಡಿದೆ, ತಟ್ಟಲು ಬೇಕಾದ ತೊಡೆ ನನಗಿರಲಿಲ್ಲ. ಕೂದಲು ಸರಿಮಾಡಿಕೊಳ್ಳುತ್ತ ಬರುವವನನ್ನು ಮಾಡಿದೆ.

"ಅವನ್ನ ಮಾಡು," ಎಂದ ಅಣ್ಣ. "ಗದ್ದ ಎತ್ತಿ ಬರ್ತಾನಲ್ಲ, ನಿನಗ ಥ್ಯಾಂಕ್ಯೂ ಅಂದಾವ. ಅಕ್ಕಲಕೋಟಕ್ಕ ಅವನೂ ಬರಾಕತ್ತಾನ. ಎದುರಿನ ಟೀಮಿನವರು ಕರಿಸ್ಯಾರ."

ಥ್ಯಾಂಕ್ಯೂ ವಿಷಯವೂ ಅವನಿಗೆ ಗೊತ್ತಿತ್ತು. ನಾನು ಗದ್ದ ಎತ್ತಿದೆ, ಕಣ್ಣು ಇಳಿಸಿದೆ, ಬಿಸಿ ಡಾಂಬರಿನ ಮೇಲೆ ನಡೆದವನ ಹಾಗೆ ಬಲಗಾಲಿನ ತುದಿಯಲ್ಲಿ ಕುಪ್ಪಳಿಸುತ್ತ ಹೋದೆ. ದೊಡ್ಡವ್ವ ಮರದ ಕೆಳಗಿನಿಂದ, "ಯಾಕೋ, ಕಾಲಾಗ ಮುಳ್ಳ ಮುರೀತೇನ?" ಎಂದಳು.

ಮೊದಲು ಅಣ್ಣನ ಎರಡು ಬೆರಳಿಗೆ ಪಟ್ಟಿ ಸುತ್ತಿ ಒಂದಕ್ಕೊಂದು ಕಟ್ಟಿದೆವು. ಬೆರಳು ಸುಮ್ಮನಿತ್ತು. ಅವನ ಜಿಗಿತ ಮಾತ್ರ ಎಷ್ಟು ತಡವಾಗಿ ಬಂತೆಂದರೆ ನನ್ನ ಪಾದದ ಬದಲು ಚಡ್ಡಿಯ ತುದಿ ಸಿಕ್ಕಿತು. ಚಡ್ಡಿ ಅವನ ಕೈಯಲ್ಲಿ, ನಾನು ಗೆರೆಯ ಆಚೆ, ದೊಡ್ಡವ್ವ ಮುಖ ತಿರುಗಿಸಿ ಕೂತಳು. ಮರುದಿನ ಮುಷ್ಟಿಯಲ್ಲಿ ಕಲ್ಲು ಹಿಡಿದು ನೋಡಿದ. ಜಿಗಿಯುವಾಗ ಕಲ್ಲು ಹಾರಿ ನನ್ನ ಮೊಣಕಾಲಿಗೆ ಬಿತ್ತು. ಎಡಗೈಯನ್ನು ಉಡದಾರಕ್ಕೆ ಸಿಕ್ಕಿಸಿಕೊಂಡ ದಿನ ಜೋಳದ ಚೀಲದ ಹಾಗೆ ಮುಖ ಕೆಳಗಾಗಿ ಬಿದ್ದ. ಬೆರಳು ತಿಕ್ಕದಿದ್ದರೆ ಅವನ ಮೈಗೆ ಹೊರಡುವ ಹೊತ್ತು ಗೊತ್ತಾಗುತ್ತಿರಲಿಲ್ಲ. ಗಾಡಿಗೆ ಕಿಕ್ ಇದ್ದ ಹಾಗೆ ಅವನಿಗೆ ಆ ಬೆರಳು.

ಏಳನೇ ದಿನ ಅವನು ಬೂದಿಯ ಗೆರೆಯನ್ನು ಒದ್ದು ಅಳಿಸಿ, ಹೋಗಿ ಕುರಿಗಳ ನಡುವೆ ಕೂತ. ನಾನು ಹತ್ತಿರ ಹೋದೆ.

"ಇಪ್ಪತ್ತೈದ ವರ್ಷದ ಕೈ ಅದ ಇದು," ಎಂದ, ಎಡಗೈಯನ್ನು ಬೇರೆ ಯಾರದೋ ವಸ್ತುವಿನಂತೆ ನೋಡುತ್ತ. "ಹದಿನೈದ ದಿನದಾಗ ಹ್ಯಾಂಗ ಬಿಡ್ತದ? ನನಗ ಇನ್ನೆರಡ ವರ್ಷ ಆಡೂದದ. ಎರಡ ವರ್ಷ ಸಾಕು. ಮೈಯಾಗ ತಾಕತ್ತದ, ಗೊತ್ತೇನ? ಇನ್ನೂ ಅದ."

ಬಾಯಿಗೆ ಒಂದು ಚೇಷ್ಟೆ ಬಂತು. ನುಂಗಿದೆ. ಭಜಿಗಿಂತ ಕಷ್ಟವಾಯಿತು. ಅವನ ಪಕ್ಕ ಕೂತು, ಎದ್ದು, ಮತ್ತೆ ಕೂತೆ. ಅವನಿಗೆ ಬೇಕಿದ್ದ ಎರಡು ವರ್ಷ ನನ್ನ ನಲವತ್ತು ಸೆಕೆಂಡಿನಲ್ಲಿ ಹೋಗುತ್ತಿತ್ತು.

ಮರುದಿನ ಅಭ್ಯಾಸ ಇಲ್ಲ ಎಂದ. ಕುರಿಗಳಿಗೆ ಜಂತಿನ ಔಷಧ ಕುಡಿಸುವ ದಿನ. ದೊಡ್ಡವ್ವ ಹಿಡಿದು ಕೊಡುವುದು, ಅಣ್ಣ ಬಾಟಲಿಯಿಂದ ಬಾಯಿಗೆ ಹೊಯ್ಯುವುದು, ನಾನು ಔಷಧ ಆದದ್ದಕ್ಕೆ ಬೆನ್ನಿನ ಮೇಲೆ ಬಣ್ಣ ಹಚ್ಚುವುದು. ದೊಡ್ಡವ್ವ ಬೆರಳು ತಿಕ್ಕುತ್ತಾಳೆ, ಕುರಿ ಮೂತಿ ತಿರುಗಿಸುತ್ತದೆ, ಕಾಲು ಅವಳ ಕೈಯಲ್ಲಿ. ಅರವತ್ತು ದಾಟಿದವಳು, ಸೆರಗು ಜಾರದಂತೆ ಒಂದಾದ ಮೇಲೊಂದು ಹಿಡಿದಳು. ಕೊನೆಗೆ ಉಳಿದದ್ದು ಹರಿದ ಕಿವಿಯ ಒಂದು ಕರಿ ಕುರಿ, ಹಿಂಡಿಗೆಲ್ಲ ಹಿರಿಯಳು. ದೊಡ್ಡವ್ವನ ಬೆರಳು ಅಲುಗುವುದೇ ತಡ, ಅದು ಆಚೆ ಮೂಲೆಗೆ ನೆಗೆಯಿತು. ಎರಡು ಸಲ ಹಾಗೇ ಆಯಿತು.

"ಇದೂ ನನ್ನ ವಿಡಿಯೋ ನೋಡ್ಯದ," ಎಂದೆ. ನಾನೇ ನಕ್ಕೆ, ಬೇರೆ ಯಾರೂ ನಗಲಿಲ್ಲ.

"ಬಾಯಿ ಸಾಕು. ಹೋಗಿ ಆ ಮೂಲ್ಯಾಗ ನಿಂದ್ರು," ಎಂದಳು ದೊಡ್ಡವ್ವ. "ಕಾಲ ಅಗಲ ಮಾಡಿ ನಿಂದ್ರು."

ನಿಂತೆ. ಅವಳು ಮತ್ತೆ ಬೆರಳು ತಿಕ್ಕಿದಳು, ಆದರೆ ಈ ಸಲ ಹಿಡಿಯಲು ಬಗ್ಗಲೇ ಇಲ್ಲ, ಬರೀ ತಿಕ್ಕಿದಳು. ಕರಿ ಕುರಿ ಚಿಮ್ಮಿ ನೇರ ನನ್ನ ಕಾಲ ನಡುವೆ ನುಗ್ಗಿತು. ನಾನು ಅದರ ಮೇಲೆ ತಿರುಗುಮುರುಗಾಗಿ ಕೂತು, ನಾಲ್ಕು ಹೆಜ್ಜೆ ಸವಾರಿ ಹೋಗಿ, ಬಾಲ ಹಿಡಿದು ನಿಲ್ಲಿಸಿದೆ.

"ಎಂಥಾ ಹಲ್ಕಟ್ ಕುರಿ ದೊಡ್ಡವ್ವಾ ಇದು!"

"ಹಲ್ಕಟ್ ಅಲ್ಲೋ, ಶಾಣ್ಯಾ ಅದ. ಏನೂ ಗೊತ್ತಿಲ್ಲದ ಕುರಿ ಎತ್ತ ಓಡ್ತದೋ ನಮ್ಮ ದೇವ್ರು ಬಿರೋಬಾಗ ಗೊತ್ತು. ಇದಕ್ಕ ನಮ್ಮ ಬೆರಳ ಗೊತ್ತದ. ಅದಕ್ಕ ಇದು ಯಾವಾಗ ಓಡ್ತದ, ಎತ್ತ ಓಡ್ತದ, ಎಲ್ಲಾ ನನಗ ಗೊತ್ತದ. ಏ, ಔಷಧ ಚೆಲ್ಲಾಕತ್ತದಲೋ, ಎತ್ತ ನೋಡ್ತಿ?"

ಕೊನೆಯ ಮಾತು ಅಣ್ಣನಿಗೆ. ಅವನು ಬಾಟಲಿಯನ್ನು ಓರೆ ಹಿಡಿದು ಅವಳ ಎಡಗೈಯನ್ನೇ ನೋಡುತ್ತಿದ್ದ. ಔಷಧ ಅವನ ಪಾದದ ಮೇಲೆ ಹರಿಯುತ್ತಿತ್ತು.

ಬಣ್ಣದ ಕೈಯನ್ನು ತೊಳೆಯಲೂ ಬಿಡದೆ ನನ್ನನ್ನು ಗೆರೆಯ ಹತ್ತಿರ ಎಳೆದುಕೊಂಡು ಹೋದ. "ಗದ್ದ ಎತ್ತು. ಬಾ. ನನ್ನ ಬೆರಳು ಅಲುಗಿದ ಕೂಡಲೇ ಹಾರು." ಹಾರಿದೆ. ಅವನೂ ಹಾರಿದ, ಮಣ್ಣು ತಬ್ಬಿದ. ಬೆರಳು ತಿಕ್ಕಬೇಕು, ಆದರೆ ನಿಲ್ಲಬೇಕು. ನಾನು ಹಾರಿ ನೆಲಕ್ಕೆ ಇಳಿಯುವ ಕಾಲಿಗೆ ಕಾಯಬೇಕು. ತಿಳಿದುಕೊಳ್ಳುವುದು ಸುಲಭ, ಅವನ ಮೈ ಕೇಳಬೇಕಲ್ಲ. ಬೆರಳು ತಿಕ್ಕಿತೆಂದರೆ ಮೈ ಹೊರಟೇಬಿಡುತ್ತಿತ್ತು.

ಹತ್ತಿಪ್ಪತ್ತು ಸಲ ಆದ ಮೇಲೆ ನನಗೆ ರೇಗಿತು. ಅವನ ಬೆರಳು ಅಲುಗುತ್ತಿದ್ದಂತೆ ದೊಡ್ಡವ್ವನ ದನಿಯಲ್ಲಿ, ಅವಳು ಹೊಲದ ಬದುವಿನಿಂದ ಕೂಗುವ ದನಿಯಲ್ಲೇ, ಕೂಗಿದೆ: "ನಿಂದ್ರೋ ಬಾಡ್ಯಾ!"

ಅಣ್ಣ ಕಂಬವಾದ. ಮೂವತ್ತು ವರ್ಷದಿಂದ ಆ ದನಿಗೆ ನಿಂತು ರೂಢಿಯಾದ ಮೈ ಅದು. ನಾನು ಹಾರಿ ಇಳಿದೆ. ಇಳಿದ ಕಾಲು ಅವನ ಎರಡು ಕೈಯೊಳಗಿತ್ತು.

ಒಲೆಯ ಮುಂದಿನಿಂದ ನಿಜವಾದ ದೊಡ್ಡವ್ವ ಕೇಳಿದಳು: "ನಾ ಕರದಿಲ್ಲಲೋ! ಯಾರ ಕರದ್ರು?"

ಮುಂದಿನ ಮೂರು ದಿನ ನಾನು ಗದ್ದ ಎತ್ತಿ ರೇಡರ್ ಆಗಿ ಹೋಗುವುದು, ನಡುವೆ ದೊಡ್ಡವ್ವ ಆಗಿ ಕೂಗುವುದು, ಕೊನೆಗೆ ನಾನಾಗಿ ಬಿದ್ದು ಅಯ್ಯೋ ಅನ್ನುವುದು. ಮೈಯಲ್ಲಿ ನೋವಿಲ್ಲದ ಜಾಗ ಎಂದರೆ ಕಿವಿ ಮಾತ್ರ. ಆದರೂ ವಿಡಿಯೋ ಮಾತೆತ್ತಿದರೆ "ಆಮ್ಯಾಲ."

ಅಕ್ಕಲಕೋಟದ ಮೈದಾನದಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಪಂದ್ಯ. ಶಾಮಿಯಾನದ ಕೆಳಗೆ ಮ್ಯಾಟು, ಸುತ್ತ ಮಂದಿ. ಕೋಚ್ ಸಾಹೇಬರು ಮೂರನೇ ಸಾಲಿನಲ್ಲಿ ಟೋಪಿ ಹಾಕಿ, ಶೇಂಗಾ ಸುಲಿದು ತಿನ್ನುತ್ತ ಕೂತಿದ್ದರು. ನಾನು, ದೊಡ್ಡವ್ವ ಹಗ್ಗದ ಹತ್ತಿರ ಕೆಳಗೆ. ಅವಳು ಸೆರಗಿನ ತುದಿಯಲ್ಲಿ ಬಿರೋಬಾನ ಭಂಡಾರ ಕಟ್ಟಿಕೊಂಡು ಬಂದಿದ್ದಳು, ಅಣ್ಣನ ಹಣೆಗೆ ಹಚ್ಚಿದ ಆ ಅರಿಶಿನ ಇಲ್ಲಿಂದಲೇ ಕಾಣುತ್ತಿತ್ತು. ನಾನು ಕೂತಲ್ಲಿ ಕೂರಲಾರದೆ ಹಗ್ಗ ಎಳೆಯುತ್ತಿದ್ದೆ. "ಹಗ್ಗ ಬಿಡು, ಪೆಂಡಾಲ ಬ್ಯಾರೆ ಕೆಡವಿಗಿಡವಿ," ಎಂದಳು.

ಆ ರೇಡರ್ ಬಂದ, ಗದ್ದ ಎತ್ತಿಕೊಂಡು. ನಾನು ಮಾಡಿದ್ದಕ್ಕಿಂತ ಸ್ವಲ್ಪ ಕಡಿಮೆ ಚೆನ್ನಾಗಿ ಮಾಡಿದ. ಬೆರಳು ತಿಕ್ಕಿದವು. ಅವನು ಹಾರಿದ. ಅಣ್ಣನೂ ಹಾರಿದ. ಬರೀ ಮ್ಯಾಟು. ಮಂದಿ ಕೂಗಿದರು, ಯಾರೋ ಹಿಂದಿನಿಂದ "ಬೋಟಂ ಬಘಾ!" ಎಂದು ನನ್ನದೇ ದನಿಯಲ್ಲಿ ಚೀರಿದ. ನಕಲಿ ಮಾಡಿಸಿಕೊಳ್ಳುವುದು ಹೇಗಿರುತ್ತದೆ ಎಂದು ಆಗ ಗೊತ್ತಾಯಿತು. ಕೋಚ್ ಒಂದು ಶೇಂಗಾ ಸುಲಿದರು.

ಎರಡನೇ ಸಲ ಅವನು ಬರುವಾಗ ನಾನು ಎದ್ದು ನಿಂತಿದ್ದೆ. ಅಣ್ಣನ ಎಡಗೈ ಇಳಿಯಿತು. ನಾನು ಎದೆಯ ಗಾಳಿಯನ್ನೆಲ್ಲ ಸೇರಿಸಿ, "ನಿಂದ್ರೋ ಬಾಡ್ಯಾ!" ಎಂದೆ. ಪಕ್ಕದಲ್ಲಿ ದೊಡ್ಡವ್ವ ಬೆಚ್ಚಿಬಿದ್ದು ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡಳು. ಆ ಗದ್ದಲದಲ್ಲಿ ಅಣ್ಣನಿಗೆ ಕೇಳಿಸಿತೋ ಇಲ್ಲವೋ, ಅವನು ಇವತ್ತಿಗೂ ಹೇಳುವುದಿಲ್ಲ. ಬೆರಳು ತಿಕ್ಕಿದವು. ಅಣ್ಣ ನಿಂತ. ರೇಡರ್ ಹಾರಿ, ಯಾರೂ ಬೀಳದ ಮ್ಯಾಟಿನ ಮೇಲೆ ಒಂಟಿಗಾಲಲ್ಲಿ ಇಳಿದ. ಇಳಿದ ಕಾಲು ಅಣ್ಣನ ಕೈಗೆ ಸಿಕ್ಕಿ ಮತ್ತೆ ಮೇಲೇಳಲಿಲ್ಲ.

ಆಮೇಲಿನದು ನೋಡಲು ಮಜವಾಗಿತ್ತು. ರೇಡರ್ ಬೆರಳನ್ನು ನಂಬಲೂ ಆಗದೆ ಬಿಡಲೂ ಆಗದೆ ಅದನ್ನೇ ನೋಡುತ್ತ ಬಂದ. ಪಕ್ಕದಿಂದ ಬಂದ ಅಣ್ಣನ ಜೊತೆಗಾರರು ಅವನನ್ನು ಸೊಂಟ ಹಿಡಿದು ಹೊರಗೆ ಒಯ್ದರು. ಇನ್ನೊಮ್ಮೆ ಅಣ್ಣ ತಿಕ್ಕಿದ ಕೂಡಲೇ ಹೋಗಿ ಹಿಡಿದ, ಮತ್ತೊಮ್ಮೆ ತಿಕ್ಕಿ ನಿಂತು ಹಿಡಿದ. ಒಂದು ಸಲ ತಪ್ಪಿತು, ಅದು ಬಹಳ ಕೆಟ್ಟದಾಗಿ ತಪ್ಪಿತು. ಅಣ್ಣನ ತಂಡ ಎರಡು ಅಂಕದಿಂದ ಸೋತಿತು.

ಕೋಚ್ ಸಾಹೇಬರು ಇಳಿದು ಬಂದರು. ಸೋತ ತಂಡದ ನಡುವೆ ತೂರಿ ಅಣ್ಣನ ಎಡಗೈ ಹಿಡಿದೆತ್ತಿ, ನಾಡಿ ನೋಡುವ ವೈದ್ಯರ ಹಾಗೆ ಆ ಎರಡು ಬೆರಳನ್ನು ತಿರುಗಿಸಿ ನೋಡಿದರು. "ಸೋಮವಾರಿ ಕ್ಯಾಂಪ್‌ಲಾ ಯೇ," ಸೋಮವಾರ ಕ್ಯಾಂಪಿಗೆ ಬಾ, ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, "ಬೋಟಂ ಘೇವೂನ್ ಯೇ," ಬೆರಳನ್ನೂ ತಗೊಂಡು ಬಾ, ಎಂದರು. ಆಮೇಲೆ ನನ್ನ ಮುಖ ನೋಡಿ, "ತೂಚ್ ಕಾ ತೋ?" ಎಂದರು. ಆ ಹುಡುಗ ನೀನೇನಾ? ನಾನು ದೊಡ್ಡವ್ವನ ಸೆರಗಿನ ಹಿಂದೆ ಸರಿದೆ. ಅವರು ಉಳಿದ ಶೇಂಗಾವನ್ನು ನನ್ನ ಕೈಗೆ ಸುರಿದು ಹೋದರು. ಅದು ಬಹುಮಾನವೋ ಕಸವೋ ನನಗೆ ತಿಳಿಯಲಿಲ್ಲ.

ಬಸ್ ಸ್ಟ್ಯಾಂಡಿನ ಮುಂದೆ ಕಬ್ಬಿನ ಹಾಲು ಕುಡಿಯುತ್ತ ಮೈಂದರ್ಗಿಯ ಬಸ್ಸಿಗೆ ಕಾದೆವು. ದೊಡ್ಡವ್ವ ಬ್ಯಾಗಿನ ಮೇಲೆ ಕೂತು ಆಗಲೇ ಕಣ್ಣು ಮುಚ್ಚಿದ್ದಳು. ಅಣ್ಣ ಭುಜ ತಿಕ್ಕಿಕೊಳ್ಳುತ್ತಿದ್ದ. ನಾನು ಗ್ಲಾಸನ್ನು ಈ ಕೈಯಿಂದ ಆ ಕೈಗೆ ಹಾಕುತ್ತ ನಾಲ್ಕು ಸುತ್ತು ತಿರುಗಿದೆ.

"ಅಣ್ಣಾ, ಆಮ್ಯಾಲ ಅಂದಿದ್ದಿ. ಈಗರೆ ಆಮ್ಯಾಲ ಆತಿಲ್ಲೋ?"

"ಹೂಂ, ಹೇಳು."

ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದ ಮೂರೂ ದನಿ ಕೈಕೊಟ್ಟವು. ಬಂದದ್ದು ಯಾವುದೋ ಒಂದು ಸಣ್ಣ ದನಿ, ನನ್ನದೇ ಇರಬೇಕು. "ತಪ್ಪಾತಣ್ಣಾ. ನಿನ್ನ ಹೊಟ್ಟಿ ಮ್ಯಾಲ ಕಾಲಿಟ್ಟೆ. ನಂದು ನಾ ಅಳಸೀನಿ. ಉಳಿದವ್ರು ಎಲ್ಲೆಲ್ಲಿ ಹಾಕ್ಯಾರೋ, ಅವರ ಕಾಲ ಹಿಡದು, ಬಿರೋಬಾನ ಆಣಿ, ಒಂದೂ ಉಳೀದಂಗ ತಗಸ್ತೀನಿ."

ಅಣ್ಣ ಗ್ಲಾಸಿನ ತಳದ ಬರ್ಫನ್ನು ಬಾಯಿಗೆ ಹಾಕಿಕೊಂಡು, ಕಟಕಟ ಕಡಿದು, ನುಂಗಿ, ಹೇಳಿದ:

"ತಗಸಬ್ಯಾಡೋ ಹುಚ್ಚಾ, ನಿಂದೂ ಮತ್ತ ಹಾಕು. ಇನ್ನೂ ನೋಡದ ರೇಡರ್ ಭಾಳ ಮಂದಿ ಉಳದಾರ."